ಕಾಣದ ಪ್ಲಾಸ್ಟಿಕ್ ಬಗ್ಗೆ ಊರವರಿಗೆ ಹೇಳೋದು ಹೇಗೆ?

ಶಿರಾ ಕಡೆಯ ಸ್ತ್ರೀಶಕ್ತಿ ಸಂಘದವರು: ಊಟ-ತಿಂಡಿಯಲ್ಲಿ ಸೇರುವ ಮೈಕ್ರೋಪ್ಲಾಸ್ಟಿಕ್ (ಕಣ್ಣಿಗೆ ಸುಲಭಕ್ಕೆ ಕಾಣದ ಪ್ಲಾಸ್ಟಿಕ್ ಕಣ) ಬಗ್ಗೆ ಕರಪತ್ರ ಹಂಚಿದ್ವಿ. "ಕಾಣದ್ದಕ್ಕೆಲ್ಲ ಹೆದರಿದರೆ ಅನ್ನ ಉಣ್ಣೋಕಾಗುತ್ತಾ" ಅಂತ ನಕ್ಕರು. ಯಾರಾದರೂ ಬೇರೆ ರೀತಿ ಮಾಡಿ ನೋಡಿದ್ದರೆ ಹೇಳಿ.

ನಿವೃತ್ತ ವಿಜ್ಞಾನ ಮೇಷ್ಟ್ರು, ಸಾಗರ: ಕರಪತ್ರ ಬಿಡಿ, ಒಂದು ಪೇಪರ್ ಕಪ್ ತಗೊಳ್ಳಿ. ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಎಲ್ಲರೆದುರು ಕಾಗದವನ್ನು ಉಜ್ಜಿ ಉಜ್ಜಿ ತೆಗೆಯಿರಿ. ಕೊನೆಗೆ ಕೈಯಲ್ಲಿ ಉಳಿಯೋದು ಹಾವಿನ ಪೊರೆಯಂಥ ಪ್ಲಾಸ್ಟಿಕ್. ಮಕ್ಕಳ ಕೈಲೇ ಮಾಡಿಸಿದ್ದೆ. ಒಬ್ಬ ಹುಡುಗ ಆ ಪೊರೆಯನ್ನು ಜೇಬಲ್ಲಿಟ್ಟುಕೊಂಡು ಅಪ್ಪನ ಟೀ ಅಂಗಡಿಗೆ ಒಯ್ದ. ಲೆಕ್ಕ ಆಮೇಲೆ ಹೇಳಿ: ಇಂಥ ಕಪ್ಪಲ್ಲಿ 100 ಮಿ.ಲೀ. ಬಿಸಿ ದ್ರವ 15 ನಿಮಿಷ ಇದ್ದರೆ ಸುಮಾರು 25,000 ಕಣ ಬಿಡುತ್ತೆ ಅಂತ 2020ರಲ್ಲಿ ಖರಗಪುರ ಐಐಟಿಯವರು ಕಂಡಿದ್ದಾರೆ. (ಟೀನ ಯಾರು ಸ್ವಾಮಿ 15 ನಿಮಿಷ ಇಟ್ಕೊಂಡು ಕುಡೀತಾರೆ ಅಂತ ಒಬ್ಬರಾದರೂ ಕೇಳ್ತಾರೆ. ಒಪ್ಪಿಕೊಂಡುಬಿಡಿ.)

ಸಣ್ಣ ಹೋಟೆಲ್ ನಡೆಸುವವನು, ಬೆಂಗಳೂರು: 2025ರ ಫೆಬ್ರವರಿಯಲ್ಲಿ ಆಹಾರ ಸುರಕ್ಷತಾ ಇಲಾಖೆಯವರು 251 ಕಡೆ ನೋಡಿದಾಗ 52 ಕಡೆ ಇಡ್ಲಿ ತಟ್ಟೆಗೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಸಿಕ್ಕಿತ್ತು. ಸುಳ್ಳು ಯಾಕೆ, ನಾನೂ ಅದನ್ನೇ ಹಾಕ್ತಿದ್ದೆ. ಬಟ್ಟೆ ದಿನಾ ಒಗೀಬೇಕು, ಒಣಗದಿದ್ದರೆ ಹುಳಿ ವಾಸನೆ, ಮಳೆಗಾಲದಲ್ಲಂತೂ ಕೇಳಬೇಡಿ. ಗಿರಾಕಿಗಳು ಬೈದಾಗಲೂ ನಾನು ಹಾಳೆ ಬಿಡಲಿಲ್ಲ. ಪಕ್ಕದ ಹೋಟೆಲಿನ ಅಡುಗೆ ಭಟ್ಟರು ಕೂರಿಸಿಕೊಂಡು ತೋರಿಸಿದರು: ಎರಡು ಸೆಟ್ ಬಟ್ಟೆ ಇಟ್ಕೋ, ಹಿಟ್ಟು ಹುಯ್ಯೋ ಮುಂಚೆ ನೆನೆಸಿ ಹಿಂಡು, ಬೆಂದ ಮೇಲೆ ಮಗುಚಿ ಬಟ್ಟೆ ಮೇಲೆ ನೀರು ಚಿಮುಕಿಸು, ಇಡ್ಲಿ ತಾನಾಗೇ ಬಿಡುತ್ತೆ. ಅವತ್ತಿಂದ ಹಾಳೆ ತಂದಿಲ್ಲ. ನಿಮ್ಮೂರ ಹೋಟೆಲಿಗೆ ಹೋಗೋರು ಒಂದು ಸೆಟ್ ಬಟ್ಟೆ ಹೊಲಿದುಕೊಂಡೇ ಹೋಗಿ.

ಗೃಹಿಣಿ, ಕುಂದಾಪುರ: ಉಪ್ಪಿನ ಸುದ್ದಿಯಿಂದ ಶುರು ಮಾಡಬೇಡಿ ಮಾರಾಯ್ರೆ. ಟಾಕ್ಸಿಕ್ಸ್ ಲಿಂಕ್ ಅನ್ನುವ ಪರಿಸರ ಸಂಸ್ಥೆ 2024ರಲ್ಲಿ ಪರೀಕ್ಷಿಸಿದ 10 ಬಗೆ ಉಪ್ಪು, 5 ಬಗೆ ಸಕ್ಕರೆ ಎಲ್ಲದರಲ್ಲೂ ಕಣ ಇತ್ತು ಅಂತ ನಾನು ಹೇಳಿದ್ದೇ ತಡ, "ಹಾಗಾದ್ರೆ ಎಂತ ತಿನ್ನೂದು" ಅಂತ ಅರ್ಧ ಜನ ಎದ್ದು ಹೋದರು. ಕ್ಯಾನ್ಸರ್ ಬಂದೇ ಬರ್ತದೆ ಅಂತಲೂ ಹೇಳಿಬಿಟ್ಟಿದ್ದೆ. ಅದಿನ್ನೂ ಖಚಿತವಾಗಿಲ್ಲ ಅಂತ ಡಾಕ್ಟರು ಅಲ್ಲೇ ತಿದ್ದಿದರು, ಮುಖ ಎಲ್ಲಿಡೂದು? ಈಗ ಒಂದೇ ಮಾತು: ಬಿಸಿ ಸಾಂಬಾರು ಪ್ಲಾಸ್ಟಿಕ್ ತೊಟ್ಟೆಯಲ್ಲಿ ತರಬೇಡಿ, ಸ್ಟೀಲ್ ಡಬ್ಬಿ ಒಯ್ಯಿರಿ.

ಸಂಘದವರು: ಕಪ್ ನೆನೆಹಾಕಿದೀವಿ. ಹೋಟೆಲ್ ಅಣ್ಣ, ಯಾವ ಬಟ್ಟೆ?

ಹೋಟೆಲಿನವನು: ಹಳೇ ಬಿಳಿ ಹತ್ತಿ ಪಂಚೆ ಸಾಕು ಅಕ್ಕ. ಟೆರಿಕಾಟ್ ಮಾತ್ರ ಬೇಡ, ಅದರಲ್ಲೂ ಪ್ಲಾಸ್ಟಿಕ್ಕೇ ಇರೋದು.