ಹಾಲುಣಿಸುತ್ತಲೇ ತೂಕ ಇಳಿಸುವುದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 4 ತಿಂಗಳು. ಎದೆಹಾಲು ಮಾತ್ರ ಕೊಡುತ್ತಿದ್ದೇನೆ. ಬಸುರಿಯಾಗಿದ್ದಾಗ 15 ಕಿಲೋ ಏರಿದ್ದೆ. ಹೆರಿಗೆಯ ನಂತರ 7 ಇಳಿಯಿತು, ಆಮೇಲೆ ಅಲ್ಲೇ ನಿಂತಿದೆ.

ಹಾಲುಣಿಸಿದರೆ ದಿನಕ್ಕೆ ಸುಮಾರು 500 ಕ್ಯಾಲೊರಿ ಖರ್ಚಾಗುತ್ತದೆ, ತೂಕ ತಾನಾಗಿಯೇ ಇಳಿಯುತ್ತದೆ ಎಂದು ಎಲ್ಲರೂ ಹೇಳಿದ್ದರು. ಆದರೆ ಹಸಿವೂ ಅಷ್ಟೇ ಜಾಸ್ತಿ ಅಲ್ವಾ? ರಾತ್ರಿ 2 ಗಂಟೆಗೆ ಹಾಲು ಕುಡಿಸಿದ ಮೇಲೆ ಏನಾದರೂ ತಿನ್ನದಿದ್ದರೆ ನಿದ್ದೆಯೇ ಬರುವುದಿಲ್ಲ.

ಕಳೆದ ತಿಂಗಳು ರಾತ್ರಿ ಊಟ ಬಿಟ್ಟು ನೋಡಿದೆ. ನಾಲ್ಕೇ ದಿನಕ್ಕೆ ಹಾಲು ಕಡಿಮೆಯಾದಂತೆ ಅನ್ನಿಸಿತು. ಮಗು ಉಚ್ಚೆ ಮಾಡುವುದೂ ದಿನಕ್ಕೆ 6 ಸಲಕ್ಕಿಂತ ಕಡಿಮೆಯಾಯಿತು. ತುಂಬಾ ಹೆದರಿದೆ, ಮತ್ತೆ ಸರಿಯಾಗಿ ಊಟ ಶುರು ಮಾಡಿದೆ. ವಾರಕ್ಕೆ ಅರ್ಧ ಕಿಲೋಗಿಂತ ಜಾಸ್ತಿ ಇಳಿಸಬಾರದು ಎಂದು ಡಾಕ್ಟರ್ ಹೇಳಿದರು. ನನಗೆ ಅಷ್ಟೇ ಸಾಕು, ಅವಸರವಿಲ್ಲ.

ಹಾಲಿಗೆ ತೊಂದರೆಯಾಗದಂತೆ ತೂಕ ಇಳಿಸಿಕೊಂಡವರು ದಯವಿಟ್ಟು ಹೇಳಿ. ನಡುರಾತ್ರಿಯ ಹಸಿವಿಗೆ ಏನು ಮಾಡುತ್ತಿದ್ದಿರಿ? ನಡಿಗೆ ಬಿಟ್ಟು ಬೇರೆ ವ್ಯಾಯಾಮ ಯಾವಾಗ ಶುರು ಮಾಡಿದಿರಿ? ನನ್ನದು ಸಿಸೇರಿಯನ್, ಹೊಟ್ಟೆಯ ವ್ಯಾಯಾಮ ಎಂದರೆ ಈಗಲೂ ಭಯ. ತೂಕ ಇಳಿಸುವ ಪುಡಿ, ಮಾತ್ರೆ ಮಾತ್ರ ಬೇಡ. ನಾನು ತಿಂದದ್ದು ಹಾಲಿನ ಮೂಲಕ ಮಗುವಿಗೂ ಹೋಗಬಹುದಲ್ಲ.