ಎಡ ತಿರುವಲ್ಲಿ ಮಾತ್ರ ಗೇರ್ ಕೈಕೊಡುತ್ತಿದೆ. ಗೇರ್‌ಬಾಕ್ಸ್ ಬಿಚ್ಚಿಸಲೇಬೇಕಾ?

ಘಾಟಿ ದಾರಿ:
ತೀರ್ಥಹಳ್ಳಿ ಕಡೆಯವನು. ನಮ್ಮದು ಫ್ರಂಟ್ ವೀಲ್ ಡ್ರೈವ್ ಸೆಡಾನ್, 6 ಸ್ಪೀಡ್ ಆಟೊಮ್ಯಾಟಿಕ್, 92,000 ಕಿ.ಮೀ. ಓಡಿದೆ. ಸೆಕೆಂಡ್ ಹ್ಯಾಂಡ್ ತಗೊಂಡು ಮೂರು ವರ್ಷ ಆಯಿತು.

ಬೆಳಿಗ್ಗೆ ಸ್ಟಾರ್ಟ್ ಮಾಡಿ ಡಿ ಹಾಕಿದರೆ ಎರಡು-ಮೂರು ಸೆಕೆಂಡ್ ಏನೂ ಆಗುವುದಿಲ್ಲ. ಆಮೇಲೆ ಧಡ್ ಅಂತ ಹಿಡಿಯುತ್ತದೆ. 2ರಿಂದ 3ಕ್ಕೆ ಹೋಗುವಾಗ ಆರ್‌ಪಿಎಂ ಸುಮ್ನೆ ಮೇಲಕ್ಕೆ ಏರಿ, ಮತ್ತೆ ಒಂದು ಜರ್ಕ್. ಹೋದ ಭಾನುವಾರ ಸೋಮೇಶ್ವರದಿಂದ ಆಗುಂಬೆ ಹತ್ತುವಾಗ ಜೀವವೇ ಬಾಯಿಗೆ ಬಂತು ಮಾರಾಯ್ರೆ. ಹೇರ್‌ಪಿನ್‌ನಲ್ಲಿ ಎಡಕ್ಕೆ ಹೊಡೆದರೆ ನ್ಯೂಟ್ರಲ್‌ಗೆ ಬಿದ್ದ ಹಾಗೆ ಇಂಜಿನ್ ಕಿರುಚುತ್ತದೆ, ಕಾರು ಎಳೆಯುವುದಿಲ್ಲ. ಹಿಂದೆ ಬಸ್ಸು. ಬಲ ತಿರುವಲ್ಲಿ ಏನೂ ತೊಂದರೆ ಇಲ್ಲ.

ಗ್ಯಾರೇಜಿನವರು ಸ್ಕ್ಯಾನರ್ ಹಾಕಿದರು. ಪಿ0733 ಅಂತ ಕೋಡ್ ಬಂತು. "ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು, 1.2 ಲಕ್ಷ ಆಗುತ್ತೆ" ಅಂದರು. ಏನು ಮಾಡಲಿ?

ಹಸಿರು ಸಿಗ್ನಲ್:
ಕ್ಲಚ್ ಪ್ಲೇಟ್ ಸವೆದಿದೆ ಸಾರ್. ನನ್ನದೂ ಆಟೊಮ್ಯಾಟಿಕ್ಕೇ. ಹೀಗೇ ಜರ್ಕ್ ಬರ್ತಿತ್ತು, ಕ್ಲಚ್ ಸೆಟ್ ಹಾಕಿಸಿದೆ, ಸರಿಹೋಯಿತು.

ಹಳೇ ಸ್ಪ್ಯಾನರ್:
ಹಸಿರು ಸಿಗ್ನಲ್ ಅವರೇ, ನಿಮ್ಮದು ಎಎಂಟಿ ಇರಬೇಕು. ಅದು ಮಾಮೂಲಿ ಮ್ಯಾನ್ಯುವಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತೋದು, ಗೇರ್ ಬದಲಾಯಿಸೋದು ಮಾತ್ರ ಯಂತ್ರಕ್ಕೆ. ಇವರದು ಟಾರ್ಕ್ ಕನ್ವರ್ಟರ್, ಅಂದರೆ ಇಂಜಿನ್ ಬಲ ಆಯಿಲ್ ಮೂಲಕ ಬಾಕ್ಸಿಗೆ ದಾಟುವ ಬಗೆ. ಅದರಲ್ಲಿ ಬಾಕ್ಸ್ ಒಳಗಿನ ಕ್ಲಚ್‌ಗಳನ್ನು ಒತ್ತಿ ಗೇರ್ ಹಿಡಿಸುವುದು ಆಯಿಲ್ ಪ್ರೆಶರ್. ಕಾಯಿಲೆ ಬೇರೆ, ಔಷಧಿ ಬೇರೆ.

ಘಾಟಿ ದಾರಿ ಅವರೇ, 22 ವರ್ಷ ಇದೇ ಕೆಲಸ ಮಾಡಿದ್ದೇನೆ. ನಿಮ್ಮ ಬರಹದಲ್ಲಿ ಕೋಡ್‌ಗಿಂತ ದೊಡ್ಡ ಸುಳಿವು "ಎಡಕ್ಕೆ ಮಾತ್ರ" ಅನ್ನೋದು. ಸವೆದ ಕ್ಲಚ್ಚಿಗೆ ಎಡ-ಬಲ ಗೊತ್ತಾಗುವುದಿಲ್ಲ. ಆಯಿಲ್‌ಗೆ ಗೊತ್ತಾಗುತ್ತದೆ! ಎಡಕ್ಕೆ ತಿರುಗಿದಾಗ ಆಯಿಲ್ ಬಲಕ್ಕೆ ಒತ್ತುತ್ತದೆ. ಮಟ್ಟ ಕಮ್ಮಿ ಇದ್ದರೆ ಫಿಲ್ಟರ್ ಬಾಯಿ ಗಾಳಿ ಎಳೆದು ಪ್ರೆಶರ್ ಬೀಳುತ್ತದೆ. ಏರು ಬೇರೆ. ಬೆಳಿಗ್ಗೆಯ ತೊಂದರೆಯೂ ಅದಕ್ಕೇ ಹೊಂದುತ್ತದೆ. ತಣ್ಣಗಿದ್ದಾಗ ಆಯಿಲ್ ಕುಗ್ಗಿ ಮಟ್ಟ ಇನ್ನೂ ಇಳಿಯುತ್ತದೆ.

ಪಿ0733 ಅಂದರೆ 3ನೇ ಗೇರಿನ ಅನುಪಾತ ತಾಳೆ ಆಗುತ್ತಿಲ್ಲ ಅಂತ ಅಷ್ಟೇ. ಒಳಗೆ ಬರುವ ವೇಗ, ಹೊರಗೆ ಹೋಗುವ ವೇಗ ಎರಡನ್ನೂ ಸೆನ್ಸರ್ ಅಳೆಯುತ್ತದೆ. ಲೆಕ್ಕ ಕೂಡಲಿಲ್ಲ ಅಂದರೆ ಈ ಕೋಡ್. ಜಾರುತ್ತಿದೆ ಅಂತ ಹೇಳುತ್ತದೆ, ಯಾಕೆ ಜಾರುತ್ತಿದೆ ಅಂತ ಹೇಳುವುದಿಲ್ಲ. ಸೊಲೆನಾಯ್ಡ್ (ಆಯಿಲ್ ದಾರಿ ತೆರೆದು ಮುಚ್ಚುವ ಕರೆಂಟಿನ ವಾಲ್ವ್) ಇರಬಹುದು, ಕ್ಲಚ್ ಇರಬಹುದು, ಆಯಿಲ್ ಕಮ್ಮಿ ಇರಬಹುದು. ಕೋಡ್ ನೋಡಿದ ತಕ್ಷಣ ಬಾಕ್ಸ್ ಇಳಿಸೋದು ತಲೆನೋವಿಗೆ ತಲೆ ಬಿಚ್ಚಿದ ಹಾಗೆ.

ಆಯಿಲ್ ಲೆವೆಲ್ ನೋಡಿದರಾ? ಇತ್ತೀಚೆಗೆ ಆ ಕಡೆ ಏನಾದರೂ ಕೆಲಸ ಮಾಡಿಸಿದ್ದೀರಾ?

ಘಾಟಿ ದಾರಿ:
ಕೇಳಿದೆ ಸಾರ್. ಡಿಪ್‌ಸ್ಟಿಕ್ಕೇ ಇಲ್ಲ, ಸೀಲ್ಡ್ ಬಾಕ್ಸ್, ಲೈಫ್‌ಟೈಮ್ ಆಯಿಲ್ ಅಂದರು. ಕೆಲಸ ಅಂದರೆ, ಮಳೆಗಾಲದಲ್ಲಿ ಟಕ್ ಟಕ್ ಅಂತಿತ್ತು ಅಂತ ಎಡಗಡೆ ಡ್ರೈವ್ ಶಾಫ್ಟ್ (ಬಾಕ್ಸಿನಿಂದ ಚಕ್ರ ತಿರುಗಿಸುವ ಸರಳು) ಹೊರಗೆ ತೆಗೆದು ರಿಪೇರಿ ಮಾಡಿಸಿದ್ದೆ. ಅದಾಗಿ ನಾಲ್ಕು ತಿಂಗಳು.

ಹಳೇ ಸ್ಪ್ಯಾನರ್:
ಸಿಕ್ಕಿತು ನೋಡಿ. ಆ ಶಾಫ್ಟ್ ಗೇರ್‌ಬಾಕ್ಸ್ ಒಳಗೆ ಹೋಗುವ ಕಡೆ ಒಂದು ಆಯಿಲ್ ಸೀಲ್ ಇದೆ. ತೂರಿಸುವಾಗ ಸ್ವಲ್ಪ ಓರೆಯಾದರೂ ಸೀಲಿನ ತುಟಿ ಹರಿಯುತ್ತದೆ. ರಾತ್ರಿ ಕೆಳಗೆ ಒಂದು ರಟ್ಟು ಹಾಸಿ ನೋಡಿ.

ಡಿಪ್‌ಸ್ಟಿಕ್ ಇಲ್ಲದಿದ್ದರೂ ಲೆವೆಲ್ ಪ್ಲಗ್ ಇರುತ್ತದೆ. ಕಾರು ಸಮವಾಗಿ ನಿಂತಿರಬೇಕು, ಇಂಜಿನ್ ಐಡಲ್‌ನಲ್ಲಿರಬೇಕು. ಆಯಿಲ್ ಎಷ್ಟು ಬಿಸಿ ಇರಬೇಕು ಅಂತ ಮ್ಯಾನ್ಯುವಲ್‌ನಲ್ಲಿ ಇರುತ್ತದೆ, ಸುಮಾರು ಬಾಕ್ಸ್‌ಗಳಿಗೆ 40 ಡಿಗ್ರಿ ಹತ್ತಿರ. ಅದನ್ನು ಸ್ಕ್ಯಾನರ್‌ನಲ್ಲಿ ನೋಡಿಕೊಂಡೇ ಪ್ಲಗ್ ಬಿಚ್ಚಿಸಿ. ಸಣ್ಣ ಎಳೆಯಾಗಿ ಬಂದು ಹನಿಗೆ ನಿಂತರೆ ಸರಿ ಇದೆ. ಒಂದು ಹನಿಯೂ ಬರದಿದ್ದರೆ ಕಮ್ಮಿ. ಕಂಪನಿ ಹೇಳಿದ ಗ್ರೇಡ್ ಆಯಿಲೇ ಹಾಕಿಸಿ, ಸಿವಿಟಿ (ಬೇರೆ ಬಗೆಯ ಆಟೊಮ್ಯಾಟಿಕ್) ಆಯಿಲ್ ಸುರಿಯೋಕೆ ಬಿಡಬೇಡಿ. ಅಲ್ಲಿವರೆಗೆ ಘಾಟಿ ಕಡೆ ತಲೆ ಹಾಕಬೇಡಿ.

ಘಾಟಿ ದಾರಿ:
ಸಾರ್, ರಟ್ಟಿನ ಮೇಲೆ ಎಡ ಚಕ್ರದ ಒಳಗಡೆ ನೇರಕ್ಕೆ ಎಂಟಾಣೆ ಅಗಲದ ಎರಡು ಕಲೆ. ಕಂದು-ಕೆಂಪು. ಇಷ್ಟು ದಿನ ನಮ್ಮ ಅಂಗಳ ಮಣ್ಣಿನದು ಅಂತ ಗೊತ್ತೇ ಆಗಿರಲಿಲ್ಲ.

ಶಿವಮೊಗ್ಗದಲ್ಲಿ ಬೇರೆ ಕಡೆ ತೋರಿಸಿದೆ. ಪ್ಲಗ್ ಬಿಚ್ಚಿದರೆ ಒಂದು ಹನಿಯೂ ಇಲ್ಲ. 1.4 ಲೀಟರ್ ಹಾಕಿದ ಮೇಲೆ ತೊಟ್ಟಿಕ್ಕಿತು! ಸೀಲ್ ಬದಲಾಯಿಸಿದರು. ಒಳಗಿನ ಆಯಿಲ್ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಅದಕ್ಕೆ ಪೂರ್ತಿ ಇಳಿಸಿ ಹೊಸದು ತುಂಬಿಸಿದೆ. ಎಲ್ಲ ಸೇರಿ ಒಂಬತ್ತು ಸಾವಿರ ಚಿಲ್ಲರೆ.

ಈಗ ಡಿ ಹಾಕಿದ ತಕ್ಷಣ ಹಿಡಿಯುತ್ತದೆ. ನಿನ್ನೆ ಆಗುಂಬೆಯ 14 ತಿರುವೂ ಹತ್ತಿ ಬಂದೆ, ಎಲ್ಲೂ ಜಾರಲಿಲ್ಲ. 2ರಿಂದ 3ಕ್ಕೆ ಮಾತ್ರ ತಣ್ಣಗಿದ್ದಾಗ ಸಣ್ಣದೊಂದು ತಳ್ಳು ಇನ್ನೂ ಇದೆ.

ಹಳೇ ಸ್ಪ್ಯಾನರ್:
ಪೂರ್ತಿ ಇಳಿಸಿದರೂ ಕನ್ವರ್ಟರ್ ಒಳಗೆ ಹಳೆಯದು ಉಳಿದಿರುತ್ತದೆ. ಸಾವಿರ ಕಿ.ಮೀ. ಓಡಿಸಿ, ಇನ್ನೊಂದು ಸಲ ಬದಲಾಯಿಸಿ. ಸ್ಕ್ಯಾನರ್‌ನಲ್ಲಿ ಅಡಾಪ್ಟೇಶನ್ ರೀಸೆಟ್ ಮಾಡಿಸಿ, ಅಂದರೆ ಗೇರ್ ಬದಲಾಯಿಸೋಕೆ ಕಂಪ್ಯೂಟರ್ ಕಲಿತಿಟ್ಟ ಹಳೇ ಲೆಕ್ಕ ಅಳಿಸಿಸಿ. ಇಷ್ಟು ದಿನ ಜಾರಿದ ಕ್ಲಚ್ ಸ್ವಲ್ಪ ಸುಟ್ಟಿರಲೂಬಹುದು, ಅದನ್ನು ಇಲ್ಲಿ ಕೂತು ಹೇಳೋಕೆ ಆಗಲ್ಲ. ತಳ್ಳು ಜಾಸ್ತಿ ಆದರೆ ಬನ್ನಿ, ಪ್ರೆಶರ್ ಗೇಜ್ ಹಾಕಿ ನೋಡೋಣ.