ಜಪಾನಿನಲ್ಲಿ ಮಂಗಾ ಚಿತ್ರಕಥೆ ಓದಲು ಅಗ್ಗದ ದಾರಿ ಇದೆಯೇ?

ವಿಜಯಪುರದಿಂದ ಪ್ರಶ್ನೆ:
ತಂಗಿ ಒಸಾಕಾದಲ್ಲಿ ಓದುತ್ತಿದ್ದಾಳೆ. ಹೋದ ತಿಂಗಳು ಊಟದ ದುಡ್ಡಿನಲ್ಲಿ ಮಂಗಾ ಕೊಂಡು, ವಾರವಿಡೀ ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಯಲ್ಲೇ ಅನ್ನ ಉಂಡಳಂತೆ. ಬೈದು ಸಾಕಾಯಿತು. ಕಡಿಮೆ ಖರ್ಚಿನ ಉಪಾಯ ಹೇಳಿ.

ಬಾಗಲಕೋಟೆಯಿಂದ:
ನಾಲ್ಕು ವರ್ಷ ಅಲ್ಲಿದ್ದೆ, ಹೊಸ ಮಂಗಾ ಕೊಂಡದ್ದು ಎರಡೇ ಸಲ. ಬುಕ್ ಆಫ್ ಎಂಬ ಹಳೆಯ ಪುಸ್ತಕದ ಮಳಿಗೆಗಳಿವೆ. ನನ್ನ ಕಾಲಕ್ಕೆ 110 ಯೆನ್‌ನ ಕಪಾಟೇ ಬೇರೆ ಇತ್ತು. ಹಳೆಯದೆಂದರೆ ನಮ್ಮ ರದ್ದಿಯಂತಲ್ಲ. ಪುಟದ ಅಂಚು ತುಸು ಹಳದಿ, ಅಷ್ಟೇ. ಅಂಗಡಿಯಲ್ಲಿ ನಿಂತೇ ಓದುವುದಕ್ಕೆ ಅಲ್ಲಿ ‘ತಾಚಿಯೋಮಿ’ ಎಂಬ ಹೆಸರೇ ಇದೆ. ಹಲವು ಅಂಗಡಿಯವರು ಅದನ್ನು ತಡೆಯಲೆಂದೇ ಪುಸ್ತಕಕ್ಕೆ ಪ್ಲಾಸ್ಟಿಕ್ ಸುತ್ತಿರುತ್ತಾರೆ, ಕಂಜೂಸರು!

ಬೆಳಗಾವಿಯಿಂದ:
ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಬೇಕಾದಷ್ಟು ಓದುವ ‘ಮಂಗಾ ಕಿಸ್ಸಾ’ ಎಂಬ ಕೆಫೆಗಳಿವೆ. ರಜೆಗೆ ಕ್ಯೋಟೋದ ಮಂಗಾ ಸಂಗ್ರಹಾಲಯಕ್ಕೆ ಹೋಗಲಿ. 2006ರಲ್ಲಿ ಹಳೆಯ ಪ್ರಾಥಮಿಕ ಶಾಲೆಯ ಕಟ್ಟಡದಲ್ಲಿ ತೆರೆದದ್ದು. ಟಿಕೆಟ್ ಕೊಂಡರೆ ಕಪಾಟಿನಿಂದ ತೆಗೆದು ಹುಲ್ಲಿನ ಮೇಲೆ ಕುಳಿತು ಓದಬಹುದು. ಮಕ್ಕಳ ಮಂಗಾದಲ್ಲಿ ಕಾಂಜಿ ಎಂಬ ಚೀನೀ ಮೂಲದ ಅಕ್ಷರಗಳ ಪಕ್ಕ ಉಚ್ಚಾರಣೆಯೂ ಇರುವುದರಿಂದ ಭಾಷೆಯೂ ಬರುತ್ತದೆ.

ವಿಜಯಪುರದಿಂದ:
ಭಾಷೆಯ ಮಾತನ್ನು ಅವ್ವನಿಗೆ ಹೇಳಿದೆ. ಇನ್ನೆರಡು ಕಿಲೋ ಚಟ್ನಿ ಕುಟ್ಟುತ್ತಿದ್ದಾಳೆ.